ಗುಂಡಿ ಮುಚ್ಚುವ ಮುನ್ನ ಒಬ್ಬರು ನೋಡಲಿ



ಬೆಳಿಗ್ಗೆ ನಾವು ಸಂಘಕ್ಕೆ ಹಾಲು ಒಯ್ದಾಗ ಅದನ್ನು ಹಾಗೆಯೇ ಯಾರೂ ಕ್ಯಾನಿಗೆ ಸುರಿದುಕೊಳ್ಳುವುದಿಲ್ಲ. ಸ್ಯಾಂಪಲ್ ತೆಗೆಯುತ್ತಾರೆ, ಫ್ಯಾಟ್ ನೋಡುತ್ತಾರೆ, ಎಸ್‌ಎನ್‌ಎಫ್ ನೋಡುತ್ತಾರೆ, ಆಮೇಲೆ ಚೀಟಿ ಕೈಗೆ ಕೊಡುತ್ತಾರೆ. ಒಬ್ಬರ ಹಾಲು ಕೆಟ್ಟಿದ್ದರೆ ಇಡೀ ಕ್ಯಾನು ಕೆಡುತ್ತದೆ ಎಂಬುದು ನಮಗೆಲ್ಲ ಗೊತ್ತು. ಅದಕ್ಕೇ ದಿನಕ್ಕೆ ಎರಡು ಸಲ ನಡೆಯುವ ಈ ಪರೀಕ್ಷೆಗೆ ನಾವು ಬೇಸರಪಟ್ಟುಕೊಳ್ಳುವುದಿಲ್ಲ. ಒಂದು ದಿನ ಪರೀಕ್ಷೆ ಮಾಡದಿದ್ದರೆ ನಾವೇ ಕಾರ್ಯದರ್ಶಿಯನ್ನು ಕೇಳುತ್ತೇವೆ.

ಆದರೆ ಮನೆಯ ಹಿಂದೆ ಶೌಚಾಲಯದ ಗುಂಡಿ ತೋಡುವಾಗ ಯಾರು ನೋಡುತ್ತಾರೆ? ನಮ್ಮ ಹೆಚ್ಚಿನ ಊರುಗಳಲ್ಲಿ ಯಾರೂ ನೋಡುವುದಿಲ್ಲ. ಮೇಸ್ತ್ರಿ ಹೇಳಿದ್ದೇ ಅಳತೆ, ಅವರು ಮುಚ್ಚಿದರೆ ಕೆಲಸ ಮುಗಿಯಿತು. ಮೇಲೆ ಚಪ್ಪಡಿ ಬಿದ್ದು ಮಣ್ಣು ಎಳೆದ ಮೇಲೆ ಒಳಗೆ ಏನಿದೆ, ತಳಕ್ಕೆ ಕಾಂಕ್ರೀಟ್ ಹಾಕಿದ್ದಾರೋ ಇಲ್ಲವೋ, ಎಷ್ಟು ಆಳ ಇದೆ ಎಂಬುದು ಮನೆಯವರಿಗೂ ಮರೆತುಹೋಗುತ್ತದೆ. ಆ ಗುಂಡಿ ಇನ್ನು ಇಪ್ಪತ್ತು ವರ್ಷ ಅಲ್ಲೇ ಇರುತ್ತದೆ. ಅದರ ಪಕ್ಕದಲ್ಲೇ ಬಾವಿಯೋ ಬೋರ್‌ವೆಲ್ಲೋ ಇರುತ್ತದೆ.

ನನ್ನ ಅಭಿಪ್ರಾಯ ಇಷ್ಟೇ. ಮನೆ ಕಟ್ಟಲು ಪಂಚಾಯಿತಿಯಿಂದ ಪರವಾನಗಿ ಪಡೆಯುವ ಹಾಗೆ ಶೌಚಾಲಯದ ಗುಂಡಿಗೂ ಪರವಾನಗಿ ಬೇಕು. ಅದು ಅರ್ಜಿಗೆ ಮೊಹರು ಒತ್ತಿ ಮುಗಿಸುವ ಪರವಾನಗಿ ಆಗಬಾರದು. ಗುಂಡಿ ಇನ್ನೂ ತೆರೆದಿರುವಾಗ ಒಬ್ಬರು ಬಂದು, ಇಣುಕಿ ನೋಡಿ, ಅಳೆದು ‘ಸರಿ’ ಎನ್ನುವ ಪರವಾನಗಿ ಆಗಬೇಕು. ಇದನ್ನು ಕೇಳಬೇಕಾದವರು ನಾವು, ಹೆಣ್ಣುಮಕ್ಕಳು. ಯಾಕೆಂದರೆ ನೀರು ತರುವವರು ನಾವು, ಕೆಚ್ಚಲು ತೊಳೆಯುವವರು ನಾವು, ಮಗುವಿಗೆ ಭೇದಿಯಾದರೆ ರಾತ್ರಿಯೆಲ್ಲ ಎದ್ದು ಕೂರುವವರೂ ನಾವೇ.

ಈಗಿರುವ ನಿಯಮ ಏನು?

ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಕಾಯ್ದೆ 1993ರ ಪ್ರಕಾರ ಗ್ರಾಮ ಪಂಚಾಯಿತಿ ವ್ಯಾಪ್ತಿಯಲ್ಲಿ ಕಟ್ಟಡ ಕಟ್ಟಲು ಪಂಚಾಯಿತಿಯ ಲಿಖಿತ ಅನುಮತಿ ಬೇಕು. ನಮೂನೆ 9, ನಮೂನೆ 11, ತೆರಿಗೆ ರಸೀದಿ, ಮನೆಯ ನಕ್ಷೆ ಇವುಗಳನ್ನೆಲ್ಲ ಹಿಡಿದು ಓಡಾಡಿದ ಅನುಭವ ನಮ್ಮಲ್ಲಿ ಬಹಳ ಮಂದಿಗೆ ಇದೆ. ನಕ್ಷೆಯಲ್ಲಿ ಅಡುಗೆಮನೆ ಎಲ್ಲಿ, ಕಿಟಕಿ ಎಲ್ಲಿ, ಬಾಗಿಲು ಯಾವ ದಿಕ್ಕಿಗೆ ಎಂಬುದೆಲ್ಲ ಇರುತ್ತದೆ. ಶೌಚಾಲಯದ ಗುಂಡಿ ಮಾತ್ರ ಮೂಲೆಯಲ್ಲಿ ಒಂದು ಚಿಕ್ಕ ಚೌಕವಾಗಿ ಕೂತಿರುತ್ತದೆ, ಎಷ್ಟೋ ಸಲ ಅದೂ ಇರುವುದಿಲ್ಲ. ಪಕ್ಕದ ಮನೆಯ ಬೋರ್‌ವೆಲ್ ಅದಕ್ಕೆ ಎಷ್ಟು ದೂರ ಎಂದು ನಕ್ಷೆ ಹೇಳುವುದಿಲ್ಲ. ಹಳೆಯ ಮನೆಗೆ ಹೊಸದಾಗಿ ಶೌಚಾಲಯ ಸೇರಿಸಿದರೆ ಅಷ್ಟು ಕಾಗದವೂ ಆಗುವುದಿಲ್ಲ.

2014ರ ಅಕ್ಟೋಬರ್ 2ರಂದು ಸ್ವಚ್ಛ ಭಾರತ್ ಮಿಷನ್ ಶುರುವಾದ ಮೇಲೆ ಅರ್ಹ ಕುಟುಂಬಗಳಿಗೆ 12,000 ರೂಪಾಯಿ ಪ್ರೋತ್ಸಾಹಧನ ಬಂತು. ಊರೂರಲ್ಲಿ ಶೌಚಾಲಯ ಎದ್ದವು. ಕತ್ತಲಾಗುವುದನ್ನೇ ಕಾಯುತ್ತಿದ್ದ ನಮಗೆ ಅದೆಷ್ಟು ದೊಡ್ಡ ಬಿಡುಗಡೆ ಎಂದು ಯಾರೂ ಹೇಳಿಕೊಡಬೇಕಿಲ್ಲ. ಆದರೆ ಆಗ ಲೆಕ್ಕಕ್ಕೆ ಬಂದದ್ದು ಕಾಣುವ ಗೋಡೆ, ಕಾಣುವ ಬಾಗಿಲು. ಬಾಗಿಲ ಮುಂದೆ ನಿಂತು ಫೋಟೊ ತೆಗೆಸಿಕೊಂಡೆವು. ನೆಲದೊಳಗಿನ ಅರ್ಧ ಶೌಚಾಲಯ ಫೋಟೊದಲ್ಲಿ ಬರಲೇ ಇಲ್ಲ.

ಅಳತೆಯ ನಿಯಮ ಇಲ್ಲ ಎಂದಲ್ಲ. ಭಾರತೀಯ ಮಾನಕ ಬ್ಯೂರೊ ಸೆಪ್ಟಿಕ್ ಟ್ಯಾಂಕ್ ಕಟ್ಟುವುದಕ್ಕೆಂದೇ ಐಎಸ್ 2470 ಎಂಬ ಮಾನದಂಡವನ್ನು ಕೊಟ್ಟಿದೆ. ಹಾಲಿನ ಶುದ್ಧತೆಗೆ ಮಾನದಂಡ ಇರುವ ಹಾಗೆಯೇ ಇದು. ವ್ಯತ್ಯಾಸ ಒಂದೇ. ಹಾಲನ್ನು ಅಳೆಯುವವರು ಸಂಘದಲ್ಲಿ ಕೂತಿದ್ದಾರೆ, ಗುಂಡಿಯನ್ನು ಅಳೆಯುವವರು ಎಲ್ಲೂ ಇಲ್ಲ.

ಗೋಬರ್ ಗ್ಯಾಸ್ ಗೊತ್ತಿದ್ದವರಿಗೆ ಇದೂ ಗೊತ್ತು

ಸೆಪ್ಟಿಕ್ ಟ್ಯಾಂಕ್ ಎಂದರೆ ಏನು ಎಂದು ನಮಗೆ ತಿಳಿಯುವುದು ಕಷ್ಟವಲ್ಲ. ಗೋಬರ್ ಗ್ಯಾಸ್ ಗುಂಡಿಯಲ್ಲಿ ಸಗಣಿ ಗಾಳಿಯಿಲ್ಲದೆ ಕೊಳೆಯುತ್ತದೆ, ಒಳಗಿನ ಸೂಕ್ಷ್ಮಜೀವಿಗಳು ಅದನ್ನು ಕರಗಿಸುತ್ತವೆ, ಅನಿಲ ಬರುತ್ತದೆ. ಸೆಪ್ಟಿಕ್ ಟ್ಯಾಂಕಿನಲ್ಲಿ ನಡೆಯುವುದೂ ಅದೇ ಕೆಲಸ. ಭಾರವಾದದ್ದು ಕೆಳಗೆ ಕೆಸರಾಗಿ ಕೂರುತ್ತದೆ, ಹಗುರವಾದದ್ದು ಮೇಲೆ ಕೆನೆಯ ಹಾಗೆ ಕಟ್ಟುತ್ತದೆ, ನಡುವಿನ ನೀರು ಹೊರಗೆ ಹೋಗುತ್ತದೆ. ಹೊರಗೆ ಹೋಗುವ ಆ ನೀರು ಶುದ್ಧವಲ್ಲ. ಅದರಲ್ಲಿ ರೋಗಾಣು ಇನ್ನೂ ಇರುತ್ತವೆ. ಅದು ಇಂಗುಗುಂಡಿಗೆ ಹೋಗಿ, ಮಣ್ಣಿನಲ್ಲಿ ನಿಧಾನವಾಗಿ ಸೋಸಿ ಇಳಿಯಬೇಕು. ಹಾಗಾಗಿ ಟ್ಯಾಂಕು ಒಂದು, ಇಂಗುಗುಂಡಿ ಇನ್ನೊಂದು. ಟ್ಯಾಂಕಿನ ತಳ ಮತ್ತು ಗೋಡೆಯಲ್ಲಿ ಹನಿ ನೀರೂ ಸೋರಬಾರದು. ಇಂಗುಗುಂಡಿಯಲ್ಲಿ ನೀರು ಇಂಗಬೇಕು.

ನಮ್ಮಲ್ಲಿ ‘ಸೆಪ್ಟಿಕ್ ಟ್ಯಾಂಕ್’ ಎಂದು ಕರೆಯುವ ಬಹಳಷ್ಟು ಗುಂಡಿಗಳು ಟ್ಯಾಂಕೇ ಅಲ್ಲ. ಸಿಮೆಂಟ್ ರಿಂಗ್ ಇಳಿಸಿದ ಅಥವಾ ಕಲ್ಲು ಕಟ್ಟಿದ, ತಳ ತೆರೆದ ಆಳವಾದ ಬಾವಿಗಳು ಅವು. ‘ಹದಿನೈದು ಅಡಿ ತೋಡಿದ್ದೇನೆ ಅಮ್ಮ, ನಿಮ್ಮ ಕಾಲಕ್ಕೆ ತುಂಬಲ್ಲ’ ಎಂದು ಮೇಸ್ತ್ರಿ ಹೆಮ್ಮೆಯಿಂದ ಹೇಳುತ್ತಾರೆ. ನಾವೂ ಸಂತೋಷಪಡುತ್ತೇವೆ. ಆದರೆ ತುಂಬದ ಗುಂಡಿಯ ನೀರು ಎಲ್ಲಿಗೆ ಹೋಗುತ್ತಿದೆ ಎಂದು ಕೇಳುವುದಿಲ್ಲ. ಆಳಕ್ಕೆ ಹೋದಷ್ಟೂ ಅದು ಅಂತರ್ಜಲಕ್ಕೆ ಹತ್ತಿರವಾಗುತ್ತದೆ, ಮಣ್ಣು ಸೋಸುವ ದಾರಿ ಕಡಿಮೆಯಾಗುತ್ತದೆ. ಇನ್ನು ಬತ್ತಿದ ಬೋರ್‌ವೆಲ್ಲಿಗೆ ಶೌಚಾಲಯದ ಪೈಪು ಬಿಡುವುದಂತೂ ಊರಿನ ನೀರಿಗೆ ನೇರವಾಗಿ ವಿಷ ಬೆರೆಸಿದ ಹಾಗೆ.

ಐಎಸ್ 2470 ಏನು ಹೇಳುತ್ತದೆ ನೋಡಿ. 5 ಜನರ ಮನೆಗೆ ಒಳ ಅಳತೆ 1.5 ಮೀಟರ್ ಉದ್ದ, 75 ಸೆಂಟಿಮೀಟರ್ ಅಗಲ, 1 ಮೀಟರ್ ನೀರು ನಿಲ್ಲುವ ಆಳ ಇದ್ದರೆ ಸಾಕು, ಮೇಲೆ ಒಂದಡಿ ಖಾಲಿ ಜಾಗ. ಅಂದರೆ ಸುಮಾರು 5 ಅಡಿ ಉದ್ದ, ಎರಡೂವರೆ ಅಡಿ ಅಗಲ, ನಾಲ್ಕೂಕಾಲು ಅಡಿ ಆಳ. ಇಷ್ಟು ಚಿಕ್ಕದಾದ್ದರಿಂದ ವರ್ಷ ಎರಡು ವರ್ಷಕ್ಕೊಮ್ಮೆ ಕೆಸರು ತೆಗೆಸಬೇಕು. ಅನಿಲ ಹೋಗಲು ಕನಿಷ್ಠ 50 ಮಿಲಿಮೀಟರ್ ಪೈಪು, ಅದರ ಬಾಯಿಗೆ ಸೊಳ್ಳೆ ಹೋಗದ ಜಾಲರಿ ಇರಬೇಕು. ಇಂಗುಗುಂಡಿ ಕುಡಿಯುವ ನೀರಿನ ಮೂಲದಿಂದ 18 ಮೀಟರ್, ಅಂದರೆ ಸುಮಾರು 60 ಅಡಿ ದೂರ ಇರಬೇಕು. ವಾಸದ ಮನೆಯಿಂದ 6 ಮೀಟರ್ ದೂರ ಇರಬೇಕು.

ಹದಿನೈದು ಅಡಿಯ ಬಾವಿ ತೋಡುವ ಖರ್ಚನ್ನು ಇದರ ಜೊತೆ ಹೋಲಿಸಿ. ಸರಿಯಾದದ್ದೇ ಯಾವಾಗಲೂ ದುಬಾರಿ ಎಂಬ ಮಾತು ಇಲ್ಲಿ ನಿಲ್ಲುವುದಿಲ್ಲ. ನೋಡಿ ಹೇಳುವವರಿಲ್ಲದೆ ನಾವು ಹೆಚ್ಚು ದುಡ್ಡು ಕೊಟ್ಟು ಕೆಟ್ಟ ಗುಂಡಿ ಕಟ್ಟಿಸಿಕೊಂಡಿದ್ದೇವೆ.

ಸೆಪ್ಟಿಕ್ ಟ್ಯಾಂಕ್ ಬೇಡ ಎನ್ನುವವರಿಗೆ ಜೋಡಿ ಗುಂಡಿಯ ಶೌಚಾಲಯವೂ ಇದೆ. ಸುಮಾರು ಮೂರಡಿ ಅಗಲ, ನಾಲ್ಕಡಿ ಆಳದ ಎರಡು ಗುಂಡಿ, ನಡುವೆ ಮೂರಡಿ ಅಂತರ. ಒಂದು ತುಂಬಿದಾಗ ಅದನ್ನು ಮುಚ್ಚಿ ಇನ್ನೊಂದಕ್ಕೆ ತಿರುಗಿಸುವುದು. ಮುಚ್ಚಿದ್ದು ಒಂದೆರಡು ವರ್ಷದಲ್ಲಿ ಒಣಗಿ ಗೊಬ್ಬರವಾಗುತ್ತದೆ. ಲಾರಿ ಕರೆಸುವ ಖರ್ಚಿಲ್ಲ. ಆದರೆ ಇದಕ್ಕೂ ನೀರಿನ ಮೂಲದಿಂದ ದೂರ ಬೇಕು. ನೀರು ಮೇಲೆಯೇ ಸಿಗುವ ತಗ್ಗು ಜಾಗಕ್ಕೆ ಇದು ಹೊಂದುವುದಿಲ್ಲ. ಯಾವ ಮನೆಗೆ ಯಾವುದು ಸರಿ ಎಂದು ಜಾಗ ನೋಡಿಯೇ ಹೇಳಬೇಕು. ಪರವಾನಗಿ ಬೇಕು ಎನ್ನುವುದಕ್ಕೆ ಇದೂ ಒಂದು ಕಾರಣ.

ಹೈನುಗಾರಿಕೆಗೂ ಇದಕ್ಕೂ ಏನು ಸಂಬಂಧ?

ಬಕೆಟ್ಟು, ಕ್ಯಾನು, ಸೋಸುವ ಬಟ್ಟೆ, ಕೆಚ್ಚಲು, ನಮ್ಮ ಕೈ ಎಲ್ಲವನ್ನೂ ತೊಳೆಯುವುದು ಅದೇ ಬೋರ್‌ವೆಲ್ಲಿನ ನೀರಲ್ಲಿ. ಆ ನೀರಿನಲ್ಲಿ ಮಲದ ರೋಗಾಣು ಇದ್ದರೆ ಅದು ಹಾಲಿಗೆ ಸೇರುತ್ತದೆ. ಹಾಲು ಬೇಗ ಹುಳಿಯುತ್ತದೆ, ಬಿಎಂಸಿ ಕೇಂದ್ರದಲ್ಲಿ ಇಡೀ ಸಂಘದ ಹಾಲಿನ ಗುಣಮಟ್ಟ ಇಳಿಯುತ್ತದೆ. ಕೆಚ್ಚಲುಬಾವಿಗೆ ಕಾರಣವಾಗುವ ರೋಗಾಣುಗಳಲ್ಲಿ ಮಲದಲ್ಲಿರುವ ಇ-ಕೋಲಿ ಕೂಡ ಒಂದು. ಕೊಳಕು ನೀರಿನಲ್ಲಿ ಕೆಚ್ಚಲು ತೊಳೆದರೆ ತೊಳೆಯದೇ ಇದ್ದದ್ದಕ್ಕಿಂತ ಕೆಡುಕು. ಕೆಚ್ಚಲುಬಾವು ಬಂದ ಒಂದು ಹಸು ಆ ವಾರದ ಬಟವಾಡೆಯನ್ನು ಹೇಗೆ ತಿಂದುಹಾಕುತ್ತದೆ ಎಂಬುದನ್ನು ನಾನು ವಿವರಿಸಬೇಕಿಲ್ಲ.

ಕುಡಿಯುವ ನೀರಿನ ಭಾರತೀಯ ಮಾನದಂಡದ ಪ್ರಕಾರ 100 ಮಿಲಿಲೀಟರ್ ನೀರಿನಲ್ಲಿ ಒಂದೇ ಒಂದು ಇ-ಕೋಲಿ ಕೂಡ ಇರಬಾರದು. ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ದಾಟಬಾರದು. ರೋಗಾಣು ಕುದಿಸಿದರೆ ಸಾಯುತ್ತವೆ, ನೈಟ್ರೇಟ್ ಕುದಿಸಿದರೂ ಹೋಗುವುದಿಲ್ಲ. ಅದು ಹೆಚ್ಚಿದ್ದ ನೀರಿನಲ್ಲಿ ಹಾಲಿನ ಪುಡಿ ಕಲಸಿ ಕೊಟ್ಟರೆ ಎಳೆಗೂಸಿನ ರಕ್ತ ಆಮ್ಲಜನಕ ಒಯ್ಯುವ ಶಕ್ತಿಯನ್ನೇ ಕಳೆದುಕೊಳ್ಳಬಹುದು. ನ್ಯಾಯವಾಗಿ ಹೇಳಬೇಕೆಂದರೆ ನೈಟ್ರೇಟ್ ಶೌಚಾಲಯದ ಗುಂಡಿಯಿಂದ ಮಾತ್ರ ಬರುವುದಿಲ್ಲ. ನಮ್ಮ ತಿಪ್ಪೆಯಿಂದ, ಕೊಟ್ಟಿಗೆಯ ಗಂಜಲದಿಂದ, ಹೊಲದ ಯೂರಿಯಾದಿಂದಲೂ ಬರುತ್ತದೆ. ಹಾಗಾಗಿ ಬೋರ್‌ವೆಲ್ಲಿನಿಂದ ಎಷ್ಟು ದೂರ ಎಂಬ ಪ್ರಶ್ನೆಯನ್ನು ತಿಪ್ಪೆಗೂ ಕೇಳಿಕೊಳ್ಳಬೇಕು.

ಇನ್ನೊಂದು ಮಾತು. ಕೊಟ್ಟಿಗೆ ತೊಳೆದ ನೀರನ್ನು ಶೌಚಾಲಯದ ಟ್ಯಾಂಕಿಗೆ ಬಿಡುವ ರೂಢಿ ಕೆಲವು ಮನೆಗಳಲ್ಲಿದೆ. ಅದು ಬೇಡ. ಸಗಣಿ ನೀರು ಟ್ಯಾಂಕನ್ನು ತಿಂಗಳಲ್ಲೇ ತುಂಬಿಸುತ್ತದೆ. ಫಿನಾಯಿಲು, ಆ್ಯಸಿಡ್ಡು ಜೊತೆಗೆ ಹೋದರೆ ಕೊಳೆಸುವ ಸೂಕ್ಷ್ಮಜೀವಿಗಳೇ ಸತ್ತು ಟ್ಯಾಂಕು ಕೆಲಸ ನಿಲ್ಲಿಸುತ್ತದೆ. ಕೊಟ್ಟಿಗೆಯ ನೀರು ಹುಲ್ಲಿನ ತಾಕಿಗೆ, ಸಗಣಿ ಗೊಬ್ಬರದ ಗುಂಡಿಗೆ. ಸ್ನಾನದ ಮತ್ತು ಪಾತ್ರೆ ತೊಳೆದ ನೀರಿಗೆ ಉದ್ಯೋಗ ಖಾತರಿಯಲ್ಲಿ ಕಟ್ಟಿಸುತ್ತಿದ್ದ ಬಚ್ಚಲುಗುಂಡಿಯಂಥದ್ದು ಬೇರೆ ಇರಲಿ. ಶೌಚಾಲಯದ್ದು ಶೌಚಾಲಯಕ್ಕೇ ಇರಲಿ.

ಒಳಗೆ ಇಳಿಯುವವರ ಜೀವ

ಗುಂಡಿ ತುಂಬಿದ ದಿನ ಏನಾಗುತ್ತದೆ? ಯಾರನ್ನೋ ಕರೆದು ‘ಇಳಿದು ತೆಗೆದುಬಿಡಪ್ಪಾ’ ಎನ್ನುವ ಊರುಗಳು ಇನ್ನೂ ಇವೆ. ಟ್ಯಾಂಕಿನೊಳಗಿನ ಅನಿಲ ಕಣ್ಣಿಗೆ ಕಾಣುವುದಿಲ್ಲ. ಹೈಡ್ರೋಜನ್ ಸಲ್ಫೈಡ್ ಹೆಚ್ಚಿದ್ದರೆ ಎರಡು ಉಸಿರಿಗೇ ಮನುಷ್ಯ ಬೀಳುತ್ತಾನೆ. ಅವನನ್ನು ಎತ್ತಲು ಇಳಿದವನೂ ಬೀಳುತ್ತಾನೆ. ಈ ಕೆಲಸಕ್ಕೆ ಯಾರನ್ನು ಕರೆಯುತ್ತಾರೆ, ಯಾವ ಜಾತಿಯವರನ್ನು ಕರೆಯುತ್ತಾರೆ ಎಂಬುದು ನಮಗೆಲ್ಲ ಗೊತ್ತಿರುವ, ಬಾಯಿಬಿಟ್ಟು ಹೇಳದ ಸತ್ಯ.

2013ರ ಕಾಯ್ದೆ ಮ್ಯಾನ್ಯುವಲ್ ಸ್ಕ್ಯಾವೆಂಜಿಂಗ್ ಅನ್ನು ನಿಷೇಧಿಸಿದೆ. ಸುರಕ್ಷಾ ಸಾಧನವಿಲ್ಲದೆ ಸೆಪ್ಟಿಕ್ ಟ್ಯಾಂಕಿಗೆ ಮನುಷ್ಯರನ್ನು ಇಳಿಸುವುದು ಅದರ ಪ್ರಕಾರ ಅಪರಾಧ. ಮೊದಲ ಸಲಕ್ಕೆ 2 ವರ್ಷದವರೆಗೆ ಜೈಲು ಅಥವಾ 2 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ. ಮತ್ತೆ ಮಾಡಿದರೆ 5 ವರ್ಷ, 5 ಲಕ್ಷದವರೆಗೆ. ಇದು ಜಾಮೀನು ಸಿಗದ ಅಪರಾಧ. ಪಂಚಾಯಿತಿಗೆ, ಕಂಟ್ರಾಕ್ಟರಿಗೆ ಮಾತ್ರ ಅನ್ವಯ ಎಂದುಕೊಳ್ಳಬೇಡಿ. ‘ಯಾವ ವ್ಯಕ್ತಿಯೂ’ ಎಂದೇ ಕಾನೂನು ಹೇಳುತ್ತದೆ, ಆ ಮಾತಿನಲ್ಲಿ ಮನೆ ಯಜಮಾನರೂ ಬರುತ್ತಾರೆ. ಹೀಗೆ ಸತ್ತವರ ಕುಟುಂಬಕ್ಕೆ 10 ಲಕ್ಷ ಪರಿಹಾರ ಕೊಡಬೇಕೆಂದು ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿತ್ತು. 2023ರ ಅಕ್ಟೋಬರಿನಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು.

ಜೈಲಿನ ಭಯಕ್ಕಿಂತ ದೊಡ್ಡ ಮಾತು ಮನುಷ್ಯರ ಜೀವದ್ದು. ಗುಂಡಿ ಕಟ್ಟುವ ದಿನವೇ ಇದನ್ನು ಯೋಚಿಸಿದ್ದರೆ ಯಾರೂ ಇಳಿಯಬೇಕಾಗಿಲ್ಲ. ಸಕ್ಕಿಂಗ್ ಗಾಡಿಯ ಪೈಪು ಇಳಿಯುವ ಮುಚ್ಚಳ, ಗಾಡಿ ಬಂದು ನಿಲ್ಲುವ ದಾರಿ, ಮೂರು ಆಳು ಆಳವಿಲ್ಲದ ಟ್ಯಾಂಕು, ಇಷ್ಟಿದ್ದರೆ ಸಾಕು. ಮೇಲೆ ಪೂರ್ತಿ ಕಾಂಕ್ರೀಟ್ ಹಾಕಿ, ಅದರ ಮೇಲೆ ಬಟ್ಟೆ ಒಗೆಯುವ ಕಲ್ಲು ಕೂರಿಸಿದ ಗುಂಡಿಯನ್ನು ನಾಳೆ ಒಡೆದೇ ತೆಗೆಯಬೇಕು. ಪರೀಕ್ಷೆಗೆ ಬಂದವರು ಈ ಮುಚ್ಚಳ ಒಂದನ್ನು ನೋಡಿದರೂ ಒಂದು ಜೀವ ಉಳಿದೀತು.

ಗಾಡಿಯವರಿಗೂ ಪರವಾನಗಿ ಬೇಕು. ತುಂಬಿಕೊಂಡದ್ದನ್ನು ಅವರು ಎಲ್ಲಿ ಸುರಿಯುತ್ತಾರೆ ಎಂದು ನಾವು ಕೇಳಿದ್ದೇವೆಯೇ? ಕೆರೆಯ ಅಂಚಿಗೆ, ಹಳ್ಳಕ್ಕೆ, ಇಲ್ಲವೇ ‘ಗೊಬ್ಬರ’ ಎಂದು ಹೇಳಿ ಯಾರದೋ ಹೊಲಕ್ಕೆ. ಆ ಹೊಲದಲ್ಲಿ ನೇಪಿಯರ್ ಹುಲ್ಲಿದ್ದರೆ ಅದನ್ನು ಕೊಯ್ದು ತರುವವರು ನಾವು, ತಿನ್ನುವುದು ನಮ್ಮ ಹಸು. ಹಸಿ ಮಲದ ಕೆಸರನ್ನು ಸಂಸ್ಕರಿಸದೆ ಮೇವಿಗೆ ಹಾಕಬಾರದು. ಸಂಸ್ಕರಿಸುವುದು ಆಗದ ಕೆಲಸವೇನಲ್ಲ. ನಮ್ಮ ರಾಜ್ಯದ ದೇವನಹಳ್ಳಿಯಲ್ಲಿ ಪಟ್ಟಣದ ಶೌಚಗುಂಡಿಗಳ ಕೆಸರನ್ನು ಸಂಸ್ಕರಿಸುವ ಘಟಕ 2015ರಲ್ಲೇ ಶುರುವಾಗಿದೆ. ಸ್ವಚ್ಛ ಭಾರತ್ ಗ್ರಾಮೀಣ ಯೋಜನೆಯ ಎರಡನೇ ಹಂತದಲ್ಲಿ ಹಳ್ಳಿಗಳ ಮಲದ ಕೆಸರಿನ ನಿರ್ವಹಣೆಗೂ ಅವಕಾಶ ಇದೆ. ಹತ್ತಿರದ ಯಾವ ಘಟಕಕ್ಕೆ ಒಯ್ಯಬೇಕು ಎಂದು ಬರೆದುಕೊಟ್ಟ ಮೇಲೆಯೇ ಪಂಚಾಯಿತಿ ಗಾಡಿಯನ್ನು ಊರೊಳಗೆ ಬಿಡಲಿ.

‘ಇನ್ನೊಂದು ಪರವಾನಗಿ, ಇನ್ನೊಂದು ಲಂಚ’

ಈ ಮಾತು ಬಂದೇ ಬರುತ್ತದೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆಯನ್ನು ನಾವು ಸುಮ್ಮನೆ ಕಟ್ಟಿಲ್ಲ. ಒಂದು ಸಹಿಗೆ ನಾಲ್ಕು ದಿನ ಕೂಲಿ ಬಿಟ್ಟು ಅಲೆದವರು ನಮ್ಮ ನಡುವೆ ಇದ್ದಾರೆ. ಗಂಡನಿಲ್ಲದ ಹೆಣ್ಣುಮಗಳು ಕಚೇರಿಗೆ ಹೋದರೆ ‘ಮನೇಲಿ ಗಂಡಸರು ಯಾರಾದ್ರೂ ಇದ್ರೆ ಕಳಿಸಮ್ಮ’ ಎಂದು ವಾಪಸು ಕಳಿಸುವುದೂ ಉಂಟು. ಹಾಗಾಗಿ ಪರವಾನಗಿ ಎಂಬ ಹೆಸರಲ್ಲಿ ಹೊಸ ಅಡ್ಡಗಟ್ಟೆ ಬೇಕು ಎಂದು ನಾನು ಕೇಳುತ್ತಿಲ್ಲ.

ಸಂಘದಲ್ಲಿ ಹಾಲಿನ ಪರೀಕ್ಷೆಗೆ ಲಂಚ ಯಾಕೆ ನಡೆಯುವುದಿಲ್ಲ ಎಂದು ಯೋಚಿಸಿ. ಎಲ್ಲರ ಎದುರಿಗೆ ನಡೆಯುತ್ತದೆ, ಆಗಲೇ ಮುಗಿಯುತ್ತದೆ, ಚೀಟಿ ಕೈಗೆ ಬರುತ್ತದೆ, ಎಲ್ಲರಿಗೂ ಒಂದೇ ಅಳತೆ. ಗುಂಡಿಯ ಪರೀಕ್ಷೆಯೂ ಹಾಗೇ ಆಗಬೇಕು. ಶುಲ್ಕ ಇಟ್ಟರೂ ಅದು ಗೋಡೆಯ ಮೇಲೆ ಬರೆದಷ್ಟೇ ಇರಬೇಕು, ಬಡ ಕುಟುಂಬಕ್ಕೆ ಇರಲೇಬಾರದು. ತಿಳಿಸಿದ ಇಷ್ಟು ದಿನದೊಳಗೆ ಬರಬೇಕು, ಬಾರದಿದ್ದರೆ ಯಾರನ್ನು ಕೇಳಬೇಕು ಎಂಬುದೂ ಬರೆದಿರಬೇಕು. ಸೇವೆಗೆ ದಿನಗಳ ಗಡುವು ಹಾಕುವ 2011ರ ಸಕಾಲ ಕಾಯ್ದೆ ನಮ್ಮ ರಾಜ್ಯದಲ್ಲಿದೆ. ಅದೇ ದಾರಿಯಲ್ಲಿ ಇದನ್ನೂ ಸೇರಿಸಲು ಕೇಳಬಹುದು.

ಎರಡನೇ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ‘ನನ್ನ ಸೈಟೇ 30–40, ಅರವತ್ತು ಅಡಿ ದೂರ ಎಲ್ಲಿಂದ ತರಲಿ?’ ನಿಜವಾದ ಕಷ್ಟ ಇದು. ಆದರೆ ಪಂಚಾಯಿತಿ ಯಾಕೆ ಬೇಕು ಎಂಬುದಕ್ಕೆ ಇದೇ ಉತ್ತರ. ನಮ್ಮ ಗುಂಡಿಗೂ ನಮ್ಮ ಬೋರ್‌ವೆಲ್ಲಿಗೂ ದೂರ ಇದ್ದರೆ ಸಾಲದು, ಪಕ್ಕದ ಮನೆಯ ಬೋರ್‌ವೆಲ್ಲಿಗೂ ದೂರ ಇರಬೇಕು. ಒಂದು ಮನೆ ಇದನ್ನು ಒಂಟಿಯಾಗಿ ಬಗೆಹರಿಸಲು ಆಗುವುದಿಲ್ಲ. ಇಡೀ ಬೀದಿಯನ್ನು ನೋಡುವವರು ಬೇಕು. ಜಾಗ ಇಲ್ಲದ ಬೀದಿಯಲ್ಲಿ ಪ್ರತಿ ಮನೆಗೆ ಸೋರದ ಟ್ಯಾಂಕು ಕಟ್ಟಿಸಿ, ಅವುಗಳ ನೀರನ್ನು ಪೈಪಿನಲ್ಲಿ ಒಯ್ದು ಊರ ಕೆಳಗಿನ ಪಂಚಾಯಿತಿ ಜಾಗದಲ್ಲಿ ಒಂದು ಸಾಮೂಹಿಕ ಇಂಗುಗುಂಡಿಗೆ ಬಿಡಬಹುದು. ‘ನಿನಗೆ ಜಾಗ ಇಲ್ಲ, ಪರವಾನಗಿ ಇಲ್ಲ’ ಎಂದು ಬಾಗಿಲು ಹಾಕುವ ಪರವಾನಗಿ ನಮ್ಮನ್ನು ಮತ್ತೆ ಬಯಲಿಗೆ ಕಳಿಸುತ್ತದೆ. ಅದು ಯಾವ ಕಾರಣಕ್ಕೂ ಆಗಬಾರದು.

ನೆರೆಯ ಕೇರಳ ನೋಡಿ. ಅಲ್ಲಿ ಮನೆಗೊಂದು ಬಾವಿ, ಜಾಗ ಇನ್ನೂ ಕಿರಿದು. ಅಲ್ಲಿನ 2019ರ ಪಂಚಾಯತ್ ಕಟ್ಟಡ ನಿಯಮ ಕುಡಿಯುವ ನೀರಿನ ಬಾವಿಗೂ ಇಂಗುಗುಂಡಿಗೂ ಕನಿಷ್ಠ 7.5 ಮೀಟರ್, ಸುಮಾರು 25 ಅಡಿ ಅಂತರ ಬೇಕು ಎನ್ನುತ್ತದೆ. ಮಾನಕ ಬ್ಯೂರೊ ಹೇಳುವುದಕ್ಕಿಂತ ಕಡಿಮೆ ದೂರ ಇದು, ಆದರೂ ನಿಯಮ ಎಂಬುದೊಂದು ಇದೆ.

ಹೈನುಗಾರಿಕೆಗೆ ಹೆಸರಾದ ಐರ್ಲೆಂಡ್ ದೇಶದ ಕಥೆಯೂ ತಿಳಿಯತಕ್ಕದ್ದು. ಅಲ್ಲಿನ ಹಳ್ಳಿಮನೆಗಳಿಗೂ ನಮ್ಮ ಹಾಗೇ ಮನೆಗೊಂದು ಸೆಪ್ಟಿಕ್ ಟ್ಯಾಂಕು. ಅವುಗಳ ತಪಾಸಣೆಗೆ ವ್ಯವಸ್ಥೆ ಇಲ್ಲವೆಂದು 2009ರಲ್ಲಿ ಯುರೋಪಿನ ನ್ಯಾಯಾಲಯ ತೀರ್ಪು ಕೊಟ್ಟಿತು. 2012ರಲ್ಲಿ ಕಾನೂನು ಬಂತು. ಪ್ರತಿ ಟ್ಯಾಂಕನ್ನೂ ನೋಂದಾಯಿಸಬೇಕು, ಶುಲ್ಕ 50 ಯೂರೊ. ಹಳ್ಳಿಯ ಜನ ಸಿಟ್ಟಿಗೆದ್ದರು, ಇದು ಹಳ್ಳಿಗರ ಮೇಲಿನ ತೆರಿಗೆ ಎಂದರು. ಬೇಗ ನೋಂದಾಯಿಸಿದವರಿಗೆ ಸರ್ಕಾರ ಶುಲ್ಕವನ್ನು 5 ಯೂರೊಗೆ ಇಳಿಸಿತು. ದುರಸ್ತಿಗೆ ಸಹಾಯಧನವನ್ನೂ ಇಟ್ಟಿತು. ತಪಾಸಣೆ ಶುರುವಾದ ಮೇಲೆ ನೋಡಿದ ಟ್ಯಾಂಕುಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ದೋಷವಿದ್ದವು ಎಂದು ತಿಳಿಯಿತು. ನಮಗೆ ಇದರಲ್ಲಿ ಎರಡು ಪಾಠ. ನೋಡುವವರೆಗೆ ಎಲ್ಲ ಗುಂಡಿಯೂ ಸರಿಯಾಗಿಯೇ ಇರುತ್ತದೆ. ಹಾಗೆಯೇ, ಶುಲ್ಕ ಮುಂದಿಟ್ಟು ಸಹಾಯ ಹಿಂದಿಟ್ಟರೆ ಜನ ಒಪ್ಪುವುದಿಲ್ಲ.

ಪರವಾನಗಿಯಲ್ಲಿ ಏನಿರಬೇಕು?

ಒಂದೇ ಪುಟ ಸಾಕು. ಮನೆಯ ಅನುಮತಿಯ ಜೊತೆಗೇ ಅದು ಬರಲಿ, ಬೇರೆ ಅರ್ಜಿ ಬೇಡ. ಕೇಳಬೇಕಾದ ಪ್ರಶ್ನೆ ಐದು.

ಒಂದು: ನಮ್ಮದೂ ನೆರೆಯವರದೂ ಸೇರಿ ಅತಿ ಹತ್ತಿರದ ಬಾವಿ ಅಥವಾ ಬೋರ್‌ವೆಲ್ ಎಷ್ಟು ಅಡಿ ದೂರ?

ಎರಡು: ಯಾವ ಬಗೆಯ ಗುಂಡಿ, ಎಷ್ಟು ಜನರ ಮನೆ, ಅಳತೆ ಎಷ್ಟು?

ಮೂರು: ಟ್ಯಾಂಕಾದರೆ ತಳ ಮತ್ತು ಗೋಡೆ ಸೋರುತ್ತವೆಯೇ? ನೀರು ತುಂಬಿಸಿ ಒಂದು ದಿನ ಬಿಟ್ಟು ನೋಡಿದರೆ ಗೊತ್ತಾಗುತ್ತದೆ.

ನಾಲ್ಕು: ಹೊರಹೋಗುವ ನೀರು ಎಲ್ಲಿಗೆ? ಚರಂಡಿಗೆ ಎಂದರೆ ಒಪ್ಪಬಾರದು.

ಐದು: ತೆರೆಯುವ ಮುಚ್ಚಳ, ಗಾಳಿ ಪೈಪು, ಗಾಡಿ ಬರುವ ದಾರಿ ಇವೆಯೇ?

ಗುಂಡಿ ತೆರೆದಿರುವಾಗಲೇ ಫೋಟೊ ತೆಗೆದು ಆ ಪುಟಕ್ಕೆ ಅಂಟಿಸಲಿ. ಒಂದು ಪ್ರತಿ ಮನೆಗೆ, ಒಂದು ಪಂಚಾಯಿತಿಗೆ. ಮುಂದೆ ಯಾವ ವರ್ಷ ಕೆಸರು ತೆಗೆಸಬೇಕು ಎಂಬುದೂ ಅದರಲ್ಲೇ ಇರಲಿ. ಮೇಸ್ತ್ರಿಗಳಿಗೆ ಎರಡು ದಿನದ ತರಬೇತಿ ಕೊಟ್ಟು, ತರಬೇತಾದವರ ಹೆಸರನ್ನು ಪಂಚಾಯಿತಿ ಗೋಡೆಗೆ ಬರೆಯಲಿ. ಮೇಸ್ತ್ರಿಯನ್ನು ಬೈದು ಉಪಯೋಗವಿಲ್ಲ, ಅವರಿಗೂ ಯಾರೂ ಕಲಿಸಿಲ್ಲ. ಈಗಾಗಲೇ ಕಟ್ಟಿರುವ ಗುಂಡಿಗಳಿಗೆ ದಂಡ ಹಾಕುವ ಮಾತು ಬೇಡ. ಮೊದಲು ಪಟ್ಟಿ ಮಾಡಲಿ, ಬಾವಿಗೆ ತೀರಾ ಹತ್ತಿರ ಇರುವವನ್ನು ಗುರುತಿಸಲಿ, ಸರಿಪಡಿಸಲು ಸಹಾಯಧನ ಕೊಡಲಿ.

ಕಾನೂನು ಬರುವ ತನಕ ಕಾಯಬೇಕೇ?

ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿ ಏನು ಫಲ? ಈ ಕೆಲಸದಲ್ಲಿ ನಮ್ಮ ಕೈಯಲ್ಲೇ ಬಹಳಷ್ಟು ಇದೆ.

ನಮ್ಮ ರಾಜ್ಯದ ಗ್ರಾಮ ಪಂಚಾಯಿತಿಗಳಲ್ಲಿ ಅರ್ಧದಷ್ಟು ಸ್ಥಾನ ಮಹಿಳೆಯರಿಗೆ ಮೀಸಲು. ಆ ಸದಸ್ಯೆಯರಲ್ಲಿ ಎಷ್ಟೋ ಮಂದಿ ನಮ್ಮ ಸಂಘಕ್ಕೇ ಹಾಲು ಹಾಕುವವರು. ಜಲ ಜೀವನ್ ಮಿಷನ್ ಅಡಿಯಲ್ಲಿ ಪ್ರತಿ ಊರಿನಲ್ಲಿ ಐವರು ಮಹಿಳೆಯರಿಗೆ ನೀರು ಪರೀಕ್ಷಿಸುವ ಕಿಟ್ ಬಳಸಲು ತರಬೇತಿ ಕೊಡಬೇಕೆಂದಿದೆ. ಗ್ರಾಮ ನೀರು ಮತ್ತು ನೈರ್ಮಲ್ಯ ಸಮಿತಿಯಲ್ಲೂ ಅರ್ಧದಷ್ಟು ಮಹಿಳೆಯರು ಇರಬೇಕು. ನಿಮ್ಮೂರಿನ ಆ ಐವರು ಯಾರು? ಕಿಟ್ ಎಲ್ಲಿದೆ, ಪೆಟ್ಟಿಗೆಯಲ್ಲೇ ಬಿದ್ದಿದೆಯೇ? ವಿಚಾರಿಸಿ. ಮಳೆಗಾಲಕ್ಕೆ ಮುಂಚೆ ಒಮ್ಮೆ, ಮಳೆ ಬಿದ್ದ ಮೇಲೆ ಒಮ್ಮೆ ಡೇರಿ ಕಟ್ಟಡದ ನೀರನ್ನೂ, ಹೆಚ್ಚು ಹಾಲು ಹಾಕುವ ಹತ್ತು ಮನೆಯ ನೀರನ್ನೂ ಪರೀಕ್ಷೆ ಮಾಡಿಸಿ. ಬಂದ ಫಲಿತಾಂಶವನ್ನು ಸಂಘದ ಸೂಚನಾ ಫಲಕದಲ್ಲಿ, ಹಾಲಿನ ದರದ ಪಕ್ಕದಲ್ಲೇ ಬರೆಯಿರಿ.

ನಿಮ್ಮ ಮನೆಯಲ್ಲಿ ಅಥವಾ ನೆಂಟರ ಮನೆಯಲ್ಲಿ ಈ ವರ್ಷ ಶೌಚಾಲಯ ಕಟ್ಟುವುದಿದ್ದರೆ ಒಂದು ಹಗ್ಗ ಹಿಡಿದು ಬೋರ್‌ವೆಲ್ಲಿನಿಂದ ಅಳೆಯಿರಿ. ಹೆಂಗಸರಿಗೆ ಇದೆಲ್ಲ ಯಾಕೆ ಎಂದು ಯಾರಾದರೂ ಕೇಳಿದರೆ, ಹಾಲಿನ ಲೆಕ್ಕ ಇಡುವವರಿಗೆ ನೀರಿನ ಲೆಕ್ಕವೂ ಬರುತ್ತದೆ ಎನ್ನಿ. ಚಪ್ಪಡಿ ಇಡುವ ಮುನ್ನ ಒಳಗಿನ ಫೋಟೊ ಮೊಬೈಲಿನಲ್ಲಿ ತೆಗೆದಿಟ್ಟುಕೊಳ್ಳಿ. ಕೊನೇ ಕಂತಿನ ಕೂಲಿಯನ್ನು ನೀರು ತುಂಬಿಸಿ ಸೋರುವುದಿಲ್ಲ ಎಂದು ಖಾತರಿಯಾದ ಮೇಲೆ ಕೊಡಿ.

ಕೊನೆಯದಾಗಿ ಒಂದು ಕೋರಿಕೆ. ನಿಮ್ಮೂರಿನ ಮುಂದಿನ ಗ್ರಾಮಸಭೆಗೆ ಸಂಘದ ಹತ್ತು ಮಂದಿ ಒಟ್ಟಿಗೆ ಹೋಗಿ. ಒಬ್ಬರು ಹೋದರೆ ಕೂರಿಸಿ ಕಳಿಸುತ್ತಾರೆ, ಹತ್ತು ಜನ ಹೋದರೆ ನಡವಳಿ ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ಕೇಳಬೇಕಾದದ್ದು ಒಂದೇ ಸಾಲು: ‘ನಮ್ಮ ಪಂಚಾಯಿತಿ ವ್ಯಾಪ್ತಿಯಲ್ಲಿ ಇನ್ನು ಮುಂದೆ ಯಾವ ಶೌಚಾಲಯದ ಗುಂಡಿಯನ್ನೂ ಪರೀಕ್ಷೆ ಮಾಡದೆ ಮುಚ್ಚಬಾರದು.’ ಅದು ನಿರ್ಣಯವಾಗುವ ತನಕ, ಸಹಿ ಬೀಳುವ ತನಕ, ಅಲ್ಲಿಂದ ಏಳಬೇಡಿ.